ಅರ್ಧ ಮಲ್ಲಾರ್ಡ್, ಅರ್ಧ ಪಿನ್‌ಟೇಲ್: ಅಮೆರಿಕದ ಬೇಟೆಗಾರರ ಅಪರೂಪದ ಟ್ರೋಫಿ ವಿಜ್ಞಾನಿಗಳಿಗೆ ಎಚ್ಚರಿಕೆಯ ಗಂಟೆ ಆಗಿದ್ದು ಹೇಗೆ?

ಅಮೆರಿಕದ ಅರ್ಕಾನ್ಸಾಸ್, ಲೂಸಿಯಾನದಂತಹ ರಾಜ್ಯಗಳಲ್ಲಿ ಚಳಿಗಾಲ ಬಂತೆಂದರೆ ಕಾಡುಬಾತುಗಳ ಬೇಟೆ ಶುರು. ಕೆನಡಾದ ಹುಲ್ಲುಗಾವಲುಗಳಲ್ಲಿ ಮರಿ ಮಾಡಿದ ಬಾತುಗಳು ಚಳಿ ತಪ್ಪಿಸಿಕೊಳ್ಳಲು ದಕ್ಷಿಣಕ್ಕೆ ಹಾರಿ ಬರುತ್ತವೆ. ಬೇಟೆಗಾರರು ಪರವಾನಗಿ ಪಡೆದು, ಬೆಳಕು ಹರಿಯುವ ಮುನ್ನವೇ ನೀರು ತುಂಬಿದ ಗದ್ದೆ ಮತ್ತು ಜೌಗು ಕಾಡುಗಳಲ್ಲಿ ಮರೆಯಾಗಿ ಕೂರುತ್ತಾರೆ. ಒಂದು ಋತುವಿನಲ್ಲಿ ಅವರ ಕೈಗೆ ಬರುವ ಹಕ್ಕಿಗಳಲ್ಲಿ ಬಹುಪಾಲು ಪರಿಚಿತ ಜಾತಿಗಳೇ. ಆದರೆ ಎಲ್ಲೋ ಒಮ್ಮೆ, ಯಾವ ಜಾತಿಗೂ ಸರಿಯಾಗಿ ಹೊಂದದ ಒಂದು ಬಾತು ಸಿಗುತ್ತದೆ. ತಲೆ ಒಂದು ಜಾತಿಯದು, ಬಾಲ ಇನ್ನೊಂದರದು, ಕೊಕ್ಕಿನ ಬಣ್ಣ ಎರಡರದ್ದೂ ಅಲ್ಲ. ಅದೇ ಮಿಶ್ರತಳಿ ಬಾತು.

ಅನೇಕ ಬೇಟೆಗಾರರು ಇಡೀ ಜೀವನದಲ್ಲಿ ಇಂಥದ್ದೊಂದನ್ನೂ ಕಾಣುವುದಿಲ್ಲ. ಸಿಕ್ಕವರು ಅದನ್ನು ಅಡುಗೆಮನೆಗೆ ಕಳಿಸದೆ ಟ್ಯಾಕ್ಸಿಡರ್ಮಿ, ಅಂದರೆ ಚರ್ಮ ಪ್ರಸಾಧನ ಮಾಡಿಸಿ ಗೋಡೆಗೇರಿಸುತ್ತಾರೆ. ಇಷ್ಟೇ ಆಗಿದ್ದರೆ ಇದೊಂದು ಹವ್ಯಾಸದ ಕಥೆಯಾಗಿ ಮುಗಿಯುತ್ತಿತ್ತು. ಆದರೆ ಇದೇ ಹಕ್ಕಿಗಳ ವಂಶವಾಹಿ ಪರೀಕ್ಷಿಸಿದ ವಿಜ್ಞಾನಿಗಳಿಗೆ ಕಂಡಿರುವುದು ಬೇರೆಯೇ ಚಿತ್ರ. ಏನದು? ಮಿಶ್ರತಳಿ ಹುಟ್ಟುವುದು ಹೇಗೆ, ಬೇಟೆಯ ನಿಯಮಗಳೇನು, ಹಕ್ಕಿಯನ್ನು ಗೋಡೆಗೇರಿಸುವುದು ಹೇಗೆ? ವಿವರ ಇಲ್ಲಿದೆ.

ಮಿಶ್ರತಳಿ ಬಾತು ಎಂದರೇನು?

ಎರಡು ಬೇರೆ ಬೇರೆ ಜಾತಿಯ ಬಾತುಗಳು ಕೂಡಿ ಹುಟ್ಟಿದ ಮರಿಯೇ ಮಿಶ್ರತಳಿ. ಹಕ್ಕಿಗಳ ಕುಟುಂಬಗಳಲ್ಲಿ ಹೀಗೆ ಜಾತಿಯ ಗಡಿ ದಾಟುವುದರಲ್ಲಿ ಬಾತು, ಹೆಬ್ಬಾತು ಮತ್ತು ಹಂಸಗಳ ಕುಟುಂಬಕ್ಕೆ ಮೊದಲ ಸ್ಥಾನ. ಸಾಕಣೆಯಲ್ಲಿ ಮತ್ತು ಕಾಡಿನಲ್ಲಿ ಒಟ್ಟು 400ಕ್ಕೂ ಹೆಚ್ಚು ಬಗೆಯ ಜಾತಿ ಜೋಡಿಗಳು ದಾಖಲಾಗಿವೆ.

ಈ ಪಟ್ಟಿಯಲ್ಲಿ ಪದೇ ಪದೇ ಬರುವ ಹೆಸರು ಮಲ್ಲಾರ್ಡ್. ಗಂಡು ಮಲ್ಲಾರ್ಡ್‌ಗೆ ಹೊಳೆಯುವ ಹಸಿರು ತಲೆ, ಕುತ್ತಿಗೆಗೆ ಬಿಳಿ ಉಂಗುರ, ಹಳದಿ ಕೊಕ್ಕು, ಬಾಲದ ಮೇಲೆ ಸುರುಳಿ ಸುತ್ತಿದ ಕಪ್ಪು ಗರಿ. ಮಸ್ಕೋವಿ ಬಾತನ್ನು ಬಿಟ್ಟರೆ ಜಗತ್ತಿನ ಸಾಕು ಬಾತುಗಳೆಲ್ಲ ಮಲ್ಲಾರ್ಡ್ ಸಂತತಿಯೇ. ಹೀಗಾಗಿ ಸಾಕು ಬಾತು ಮತ್ತು ಕಾಡು ಮಲ್ಲಾರ್ಡ್ ಕೂಡಿ ಹುಟ್ಟಿದ, ಎದೆಯ ಮೇಲೆ ಬಿಳಿ ಮಚ್ಚೆ ಇರುವ ಹಕ್ಕಿಯನ್ನು ನಿಜವಾದ ಮಿಶ್ರತಳಿ ಎನ್ನಲಾಗದು. ಅದು ಒಂದೇ ಜಾತಿಯ ಒಳಗಿನ ಬೆರಕೆ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ.

ಉತ್ತರ ಅಮೆರಿಕದ ಬೇಟೆಗಾರರಿಗೆ ಸಿಗುವ ಮಿಶ್ರತಳಿಗಳಲ್ಲಿ ಮಲ್ಲಾರ್ಡ್ ಮತ್ತು ಪಿನ್‌ಟೇಲ್ ಜೋಡಿಯದು ಹೆಸರುವಾಸಿ. ಪಿನ್‌ಟೇಲ್ ಕನ್ನಡಿಗರಿಗೆ ಅಪರಿಚಿತ ಹಕ್ಕಿಯಲ್ಲ. ಚಳಿಗಾಲದಲ್ಲಿ ಕರ್ನಾಟಕದ ಕೆರೆಗಳಿಗೂ ಬರುವ ಸೂಜಿಬಾಲದ ಬಾತು ಇದೇ. ಮಲ್ಲಾರ್ಡ್ ಮತ್ತು ಗ್ಯಾಡ್ವಾಲ್, ಮಲ್ಲಾರ್ಡ್ ಮತ್ತು ವಿಜನ್, ಮಲ್ಲಾರ್ಡ್ ಮತ್ತು ಬ್ಲ್ಯಾಕ್ ಡಕ್ ಜೋಡಿಗಳ ಮರಿಗಳೂ ಆಗಾಗ ಸಿಗುತ್ತವೆ.

ಆಡುಬನ್ ಚಿತ್ರಿಸಿದ 'ಹೊಸ' ಬಾತು

ಈ ಗೊಂದಲಕ್ಕೆ 200 ವರ್ಷಗಳ ಇತಿಹಾಸವಿದೆ. ಹಕ್ಕಿಗಳ ಚಿತ್ರಗಳಿಗೆ ಹೆಸರಾದ ಜಾನ್ ಜೇಮ್ಸ್ ಆಡುಬನ್ ಅವರು 1820ರ ದಶಕದಲ್ಲಿ ಲೂಸಿಯಾನದಲ್ಲಿ ಸಿಕ್ಕ ವಿಚಿತ್ರ ಬಾತೊಂದನ್ನು ಚಿತ್ರಿಸಿದ್ದರು. ಅದಕ್ಕೆ ತಮ್ಮ ಗೆಳೆಯ, ಬೋಸ್ಟನ್ನಿನ ಪಕ್ಷಿತಜ್ಞ ಥಾಮಸ್ ಬ್ರೂವರ್ ಅವರ ಹೆಸರನ್ನಿಟ್ಟು 'ಬ್ರೂವರ್ಸ್ ಡಕ್' ಎಂದು ಕರೆದರು. 1827ರಿಂದ 1838ರವರೆಗೆ ಕಂತುಗಳಲ್ಲಿ ಪ್ರಕಟವಾದ ಅವರ 'ಬರ್ಡ್ಸ್ ಆಫ್ ಅಮೆರಿಕ' ಕೃತಿಯಲ್ಲಿ ಈ ಹಕ್ಕಿಗೂ ಜಾಗ ಸಿಕ್ಕಿತು.

ಆದರೆ ಅದು ಬೇರೆ ಜಾತಿಯೇ ಆಗಿರಲಿಲ್ಲ. ಮಲ್ಲಾರ್ಡ್ ಮತ್ತು ಗ್ಯಾಡ್ವಾಲ್ ಬಾತುಗಳ ಮಿಶ್ರತಳಿ ಎಂದು ನಂತರದ ತಜ್ಞರು ಗುರುತಿಸಿದರು. ಜಾತಿಯ ಪಟ್ಟಿಯಿಂದ ಹೆಸರು ಬಿದ್ದುಹೋದರೂ ಬೇಟೆಗಾರರ ಮಾತಿನಲ್ಲಿ ಉಳಿಯಿತು. ಈ ಜೋಡಿಯ ಮರಿಯನ್ನು ಇಂದಿಗೂ 'ಬ್ರೂವರ್ಸ್ ಡಕ್' ಎಂದೇ ಕರೆಯುತ್ತಾರೆ.

ಬಾತುಗಳಲ್ಲೇ ಏಕೆ ಇಷ್ಟು ಬೆರಕೆ?

ಇದಕ್ಕೆ ಹಲವು ಕಾರಣಗಳಿವೆ. ಮೊದಲನೆಯದು ಸಹವಾಸ. ಚಳಿಗಾಲದಲ್ಲಿ ಒಂದೇ ಕೆರೆಯಲ್ಲಿ ಹತ್ತಾರು ಜಾತಿಯ ಬಾತುಗಳು ಒಟ್ಟಿಗೆ ಇರುತ್ತವೆ. ಹೆಚ್ಚಿನ ಬಾತುಗಳು ಜೋಡಿ ಕಟ್ಟುವುದೂ ಇದೇ ಸಮಯದಲ್ಲಿ. ತನ್ನ ಜಾತಿಯ ಸಂಗಾತಿ ಸಿಗದ ಹಕ್ಕಿ ಪಕ್ಕದ ಜಾತಿಯ ಕಡೆ ವಾಲುವ ಸಾಧ್ಯತೆ ಇರುತ್ತದೆ.

ಎರಡನೆಯದು ಬಾಲ್ಯದ ಅಚ್ಚು. ಮೊಟ್ಟೆಯೊಡೆದು ಬಂದ ಮರಿ ತಾನು ಮೊದಲು ಕಂಡ ತಾಯಿಯನ್ನೇ ತನ್ನ ಜಾತಿ ಎಂದು ಮನಸ್ಸಿಗೆ ಹಚ್ಚಿಕೊಳ್ಳುತ್ತದೆ. ರೆಡ್‌ಹೆಡ್‌ನಂತಹ ಕೆಲವು ಬಾತುಗಳು ನಮ್ಮ ಕೋಗಿಲೆಯ ಹಾಗೆ ಬೇರೆ ಬಾತುಗಳ ಗೂಡಿನಲ್ಲಿ ಮೊಟ್ಟೆ ಇಡುವುದುಂಟು. ಹಾಗೆ ಬೆಳೆದ ಮರಿ ದೊಡ್ಡದಾದ ಮೇಲೆ ಸಾಕುತಾಯಿಯ ಜಾತಿಯಲ್ಲೇ ಸಂಗಾತಿ ಹುಡುಕಬಹುದು.

ಮೂರನೆಯದು ಗಂಡುಗಳ ಬಲವಂತ. ಮಲ್ಲಾರ್ಡ್‌ನಂತಹ ಜಾತಿಗಳಲ್ಲಿ ಗಂಡುಗಳು ಜೋಡಿಯಲ್ಲದ ಹೆಣ್ಣುಗಳ ಮೇಲೆ ಬೀಳುವುದು ಸಾಮಾನ್ಯ. ಇವೆಲ್ಲದರ ಜೊತೆಗೆ ಈ ಜಾತಿಗಳು ವಂಶಾವಳಿಯಲ್ಲಿ ಹತ್ತಿರದ ನೆಂಟರು. ಹೀಗಾಗಿ ಮರಿಗಳು ಬದುಕುಳಿಯುತ್ತವೆ. ಮಲ್ಲಾರ್ಡ್ ಮತ್ತು ಪಿನ್‌ಟೇಲ್ ಮಿಶ್ರತಳಿಯಂತಹ ಕೆಲವು ಹಕ್ಕಿಗಳು ಮುಂದೆ ಮರಿ ಮಾಡಲೂ ಶಕ್ತವಾಗಿರುತ್ತವೆ.

ಗುರುತಿಸುವುದು ಹೇಗೆ?

ಮಿಶ್ರತಳಿ ಎಂದು ಘೋಷಿಸುವ ಮುನ್ನ ಅನುಭವಿಗಳು ನೋಡುವ ಅಂಶಗಳು ಹೀಗಿವೆ.

ಕೊಕ್ಕು ಮತ್ತು ಕಾಲು: ಗಂಡು ಮಲ್ಲಾರ್ಡ್‌ನ ಕೊಕ್ಕು ಹಳದಿ, ಕಾಲು ಕಿತ್ತಳೆ. ಪಿನ್‌ಟೇಲ್‌ನ ಕೊಕ್ಕು ನೀಲಿ ಮಿಶ್ರಿತ ಬೂದು, ನಡುವೆ ಕಪ್ಪು ಗೆರೆ, ಕಾಲು ಬೂದು. ಮಿಶ್ರತಳಿಯಲ್ಲಿ ಇವೆರಡರ ನಡುವಿನ ಬಣ್ಣ ಕಾಣುತ್ತದೆ.

ತಲೆ ಮತ್ತು ಕುತ್ತಿಗೆ: ಹಸಿರು ತಲೆಯ ಮೇಲೆ ಕಂದು ಛಾಯೆ, ಉಂಗುರದ ಬದಲು ಕುತ್ತಿಗೆಯ ಪಕ್ಕದಲ್ಲಿ ಮೇಲೇರುವ ಬಿಳಿ ಗೆರೆ ಇದ್ದರೆ ಪಿನ್‌ಟೇಲ್ ರಕ್ತದ ಸುಳಿವು.

ರೆಕ್ಕೆಯ ಹೊಳಪು ಪಟ್ಟಿ: ಮಲ್ಲಾರ್ಡ್‌ಗೆ ನೀಲಿ ಪಟ್ಟಿ, ಅದರ ಹಿಂದೆ ಮುಂದೆ ಬಿಳಿ ಅಂಚು. ಗ್ಯಾಡ್ವಾಲ್‌ಗೆ ಬಿಳಿ ಪಟ್ಟಿ. ಬ್ಲ್ಯಾಕ್ ಡಕ್‌ಗೆ ನೇರಳೆ ಪಟ್ಟಿ, ಎದ್ದು ಕಾಣುವ ಬಿಳಿ ಅಂಚು ಇರುವುದಿಲ್ಲ. ಕಪ್ಪು ಮೈಯ ಬಾತಿನ ರೆಕ್ಕೆಯಲ್ಲಿ ಸ್ಪಷ್ಟ ಬಿಳಿ ಅಂಚು ಕಂಡರೆ ಬೆರಕೆಯ ಅನುಮಾನ ಬರುತ್ತದೆ.

ಬಾಲ: ಪಿನ್‌ಟೇಲ್‌ನ ಉದ್ದ ಸೂಜಿಗರಿ ಮತ್ತು ಮಲ್ಲಾರ್ಡ್‌ನ ಸುರುಳಿ ಗರಿ ಒಂದೇ ಹಕ್ಕಿಯಲ್ಲಿ ಅರ್ಧಂಬರ್ಧ ಸೇರಿರಬಹುದು.

ಕೆಲವು ಮಿಶ್ರತಳಿಗಳ ಮುಖದ ಮೇಲೆ ತಂದೆಯಲ್ಲೂ ಇಲ್ಲದ, ತಾಯಿಯಲ್ಲೂ ಇಲ್ಲದ ವಿನ್ಯಾಸ ಮೂಡುತ್ತದೆ. ಏಷ್ಯಾದ ಬೈಕಲ್ ಟೀಲ್ ಎಂಬ ಬಾತನ್ನು ನೆನಪಿಸುವ ತಿಳಿ ಮಚ್ಚೆಗಳು ಕೆನ್ನೆಯ ಮೇಲೆ ಕಾಣಿಸಿಕೊಂಡ ಉದಾಹರಣೆಗಳಿವೆ.

ಮೋಸ ಹೋಗುವ ಸಂದರ್ಭಗಳೂ ಕಡಿಮೆಯಿಲ್ಲ. ಬೇಸಿಗೆಯಲ್ಲಿ ಗಂಡು ಬಾತುಗಳು ಗರಿ ಉದುರಿಸಿ ಹೆಣ್ಣಿನಂತೆ ಮಂಕಾಗುತ್ತವೆ. ಋತುವಿನ ಆರಂಭದಲ್ಲಿ ಬಣ್ಣ ಪೂರ್ತಿ ಮರಳದ ಗಂಡು ಮಲ್ಲಾರ್ಡ್ ಅನ್ನು ಮಿಶ್ರತಳಿ ಎಂದು ಭಾವಿಸಿದವರಿದ್ದಾರೆ. ಬಣ್ಣದ ಕೊರತೆಯಿಂದ ಬಿಳಿಚಿಕೊಂಡ ಹಕ್ಕಿಗಳ ವಿಷಯದಲ್ಲೂ ಇದೇ ತಪ್ಪಾಗುತ್ತದೆ.

ಗಂಡುಗಳೇ ಏಕೆ ಹೆಚ್ಚು ಸಿಗುತ್ತವೆ?

ಗೋಡೆಗೇರಿದ ಮಿಶ್ರತಳಿಗಳೆಲ್ಲ ಬಹುತೇಕ ಗಂಡುಗಳು. ಹೆಣ್ಣು ಬಾತುಗಳು ಹೆಚ್ಚಿನ ಜಾತಿಗಳಲ್ಲಿ ಕಂದು ಬಣ್ಣದವೇ ಆದ್ದರಿಂದ ಮಿಶ್ರತಳಿ ಹೆಣ್ಣು ಕೈಗೆ ಸಿಕ್ಕರೂ ಗೊತ್ತಾಗದೆ ಹೋಗುತ್ತದೆ ಎಂಬುದು ಒಂದು ಕಾರಣ.

ಇನ್ನೊಂದು ಕಾರಣ ತಳಿವಿಜ್ಞಾನದ್ದು. ಮಿಶ್ರತಳಿಗಳಲ್ಲಿ ಯಾವ ಲಿಂಗಕ್ಕೆ ಎರಡು ಬೇರೆ ಬೇರೆ ಲೈಂಗಿಕ ವರ್ಣತಂತುಗಳಿವೆಯೋ ಆ ಲಿಂಗದ ಮರಿಗಳೇ ಹೆಚ್ಚಾಗಿ ಸಾಯುತ್ತವೆ ಅಥವಾ ಬಂಜೆಯಾಗುತ್ತವೆ ಎಂದು ಜೆ.ಬಿ.ಎಸ್. ಹಾಲ್ಡೇನ್ 1922ರಲ್ಲಿ ಗುರುತಿಸಿದರು. ಸಸ್ತನಿಗಳಲ್ಲಿ ಅದು ಗಂಡು, ಹಕ್ಕಿಗಳಲ್ಲಿ ಹೆಣ್ಣು. 'ಹಾಲ್ಡೇನ್ ನಿಯಮ' ಎಂದೇ ಪ್ರಸಿದ್ಧವಾದ ಇದನ್ನು ಹೇಳಿದ ಈ ಬ್ರಿಟಿಷ್ ವಿಜ್ಞಾನಿ 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ನಿಧನರಾದರು.

ಬೇಟೆಗೆ ಇರುವ ನಿಯಮಗಳೇನು?

ಅಮೆರಿಕದಲ್ಲಿ ಬಾತುಬೇಟೆ ಕಾನೂನುಬದ್ಧ, ಆದರೆ ಮನಸ್ಸಿಗೆ ಬಂದಂತೆ ಅಲ್ಲ. 1918ರ ವಲಸೆ ಹಕ್ಕಿಗಳ ಒಪ್ಪಂದ ಕಾಯ್ದೆಯ ಅಡಿಯಲ್ಲಿ ಯಾವ ಜಾತಿ, ಯಾವ ದಿನಗಳು, ದಿನಕ್ಕೆ ಎಷ್ಟು ಹಕ್ಕಿ ಎಂಬುದು ಪ್ರತಿ ವರ್ಷ ನಿಗದಿಯಾಗುತ್ತದೆ. 16 ವರ್ಷ ತುಂಬಿದ ಬೇಟೆಗಾರರು ರಾಜ್ಯದ ಪರವಾನಗಿಯ ಜೊತೆಗೆ ಕೇಂದ್ರ ಸರ್ಕಾರದ 'ಡಕ್ ಸ್ಟ್ಯಾಂಪ್' ಕೊಳ್ಳಲೇಬೇಕು. 1934ರಲ್ಲಿ ಆರಂಭವಾದ ಈ ಅಂಚೆಚೀಟಿ ಮಾದರಿಯ ಚೀಟಿಗೆ ಈಗ 25 ಡಾಲರ್. ಈ ಹಣದ ಬಹುಪಾಲು ಜೌಗು ಪ್ರದೇಶಗಳ ರಕ್ಷಣೆಗೆ ಹೋಗುತ್ತದೆ. ನೀರುಹಕ್ಕಿಗಳ ಬೇಟೆಗೆ ಸೀಸದ ಗುಂಡುಗಳ ಬಳಕೆಯನ್ನು 1991ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಕೆರೆಯ ತಳದಲ್ಲಿ ಉಳಿದ ಸೀಸ ತಿಂದು ಹಕ್ಕಿಗಳು ಸಾಯುತ್ತಿದ್ದುದೇ ಇದಕ್ಕೆ ಕಾರಣ.

ಮಿಶ್ರತಳಿ ಸಿಕ್ಕಾಗ ಅದನ್ನು ಯಾವ ಜಾತಿಯ ಲೆಕ್ಕಕ್ಕೆ ಸೇರಿಸಬೇಕು ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಆಯಾ ರಾಜ್ಯದ ಆ ವರ್ಷದ ನಿಯಮಾವಳಿಯನ್ನೇ ನೋಡಬೇಕು. ಹಕ್ಕಿಯನ್ನು ಮನೆಗೆ ಸಾಗಿಸುವಾಗ ಗುರುತಿಗಾಗಿ ತಲೆ ಅಥವಾ ಗರಿ ಸಹಿತ ಒಂದು ರೆಕ್ಕೆ ಅಂಟಿಕೊಂಡಿರಬೇಕು. ಟ್ಯಾಕ್ಸಿಡರ್ಮಿ ಅಂಗಡಿಗೆ ಕೊಡುವಾಗ ಬೇಟೆಗಾರನ ಸಹಿ, ವಿಳಾಸ, ಜಾತಿ, ಸಂಖ್ಯೆ ಮತ್ತು ಬೇಟೆಯಾಡಿದ ದಿನಾಂಕವಿರುವ ಚೀಟಿ ಕಡ್ಡಾಯ. ಬೇರೆಯವರಿಗಾಗಿ ವಲಸೆ ಹಕ್ಕಿಗಳನ್ನು ಪ್ರಸಾಧನ ಮಾಡುವವರಿಗೆ ಕೇಂದ್ರದ ಪರವಾನಗಿ ಬೇಕು. ಬೇಟೆಯಾಡಿದ ಕಾಡುಬಾತನ್ನು ಪ್ರಸಾಧನ ಮಾಡಿಸಿ ಮಾರುವಂತಿಲ್ಲ.

ಕೆರೆಯಿಂದ ಗೋಡೆಯವರೆಗೆ

ಒಳ್ಳೆಯ ಪ್ರಸಾಧನ ಶುರುವಾಗುವುದು ಅಂಗಡಿಯಲ್ಲಲ್ಲ, ಕೆರೆಯ ದಡದಲ್ಲಿ. ಹಕ್ಕಿಯನ್ನು ಕುತ್ತಿಗೆ ಹಿಡಿದು ತೂಗುಹಾಕಬಾರದು, ಗರಿಗಳು ಉದುರುತ್ತವೆ. ರಕ್ತದ ಕಲೆಯನ್ನು ಕೂಡಲೇ ತಣ್ಣೀರಿನಿಂದ ಒರೆಸಬೇಕು. ಹೊಟ್ಟೆ ಸೀಳಬಾರದು. ಮೈ ತಣ್ಣಗಾದ ಮೇಲೆ ತಲೆಯನ್ನು ರೆಕ್ಕೆಯ ಕಡೆಗೆ ಮಡಚಿ, ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಫ್ರೀಜರ್‌ಗೆ ಹಾಕುತ್ತಾರೆ. ಋತುವಿನ ಕೊನೆಯ ವಾರಗಳಲ್ಲಿ ಸಿಕ್ಕ ಹಕ್ಕಿಗೆ ಗರಿ ಪೂರ್ತಿ ಬಲಿತಿರುವುದರಿಂದ ಪ್ರಸಾಧನಕ್ಕೆ ಅದೇ ಉತ್ತಮ.

ಅಂಗಡಿಯಲ್ಲಿ ಮೊದಲ ಕೆಲಸ ಚರ್ಮವನ್ನು ಗರಿ ಸಹಿತ ಬಿಡಿಸುವುದು. ಬಾತಿನ ಚರ್ಮದಡಿ ಕೊಬ್ಬು ಹೆಚ್ಚು. ಅದನ್ನು ತಿರುಗುವ ತಂತಿಚಕ್ರದಿಂದ ಕೆರೆದು ತೆಗೆಯದಿದ್ದರೆ ಕೆಲವೇ ವರ್ಷಗಳಲ್ಲಿ ಜಿಡ್ಡು ಹೊರಬಂದು ಗರಿ ಹಳದಿಯಾಗುತ್ತದೆ. ನಂತರ ಪಾತ್ರೆ ತೊಳೆಯುವ ಸಾಬೂನಿನಂತಹ ದ್ರವದಲ್ಲಿ ಚರ್ಮವನ್ನು ತೊಳೆದು, ಗಾಳಿ ಹಾಯಿಸಿ ಗರಿಗಳನ್ನು ಅರಳಿಸುತ್ತಾರೆ. ಹಿಂದೆ ಕೀಟಗಳಿಂದ ಕಾಪಾಡಲು ಆರ್ಸೆನಿಕ್ ವಿಷ ಬೆರೆಸಿದ ಸಾಬೂನು ಹಚ್ಚುತ್ತಿದ್ದರು. ಈಗ ಬೊರಾಕ್ಸ್ ಪುಡಿ ಅಥವಾ ಹದ ಮಾಡುವ ರಾಸಾಯನಿಕ ಬಳಸುತ್ತಾರೆ. ಕೊನೆಗೆ ಫೋಮ್‌ನ ದೇಹದ ಅಚ್ಚಿಗೆ ಚರ್ಮ ತೊಡಿಸಿ, ಕುತ್ತಿಗೆ, ರೆಕ್ಕೆ, ಕಾಲುಗಳಿಗೆ ತಂತಿ ಸೇರಿಸಿ, ಗಾಜಿನ ಕಣ್ಣು ಕೂರಿಸಿ ಭಂಗಿ ಕೊಡುತ್ತಾರೆ. ಒಣಗಲು ವಾರಗಳೇ ಬೇಕು.

ಒಣಗಿದ ಮೇಲೆ ಕೊಕ್ಕು ಮತ್ತು ಕಾಲುಗಳ ಬಣ್ಣ ಹೋಗಿಬಿಡುತ್ತದೆ. ಅದನ್ನು ಕೈಯಿಂದ ಬಳಿಯಬೇಕು. ಮಿಶ್ರತಳಿಯ ವಿಷಯದಲ್ಲಿ ಅಸಲಿ ಸಮಸ್ಯೆ ಇರುವುದೇ ಇಲ್ಲಿ. ಮಲ್ಲಾರ್ಡ್‌ಗೆ ಯಾವ ಬಣ್ಣ ಬಳಿಯಬೇಕು ಎಂಬುದು ಪ್ರತಿ ಪ್ರಸಾಧಕರಿಗೂ ಗೊತ್ತು. ಆದರೆ ಮಿಶ್ರತಳಿಗೆ ಮಾದರಿಯೇ ಇಲ್ಲ, ಪ್ರತಿ ಹಕ್ಕಿಯೂ ಬೇರೆ. ಹಕ್ಕಿ ಕೈಗೆ ಸಿಕ್ಕ ಕೂಡಲೇ ಕೊಕ್ಕು, ಕಾಲು, ಕಣ್ಣಿನ ಫೋಟೋ ತೆಗೆದಿಡದಿದ್ದರೆ ಪ್ರಸಾಧಕರು ಊಹಿಸಿ ಬಣ್ಣ ಬಳಿಯುತ್ತಾರೆ. ಮಾರುಕಟ್ಟೆಯಲ್ಲಿ ಸಿಗುವ ಮಲ್ಲಾರ್ಡ್‌ನ ಕೃತಕ ಕೊಕ್ಕು ಕೂರಿಸಿದರಂತೂ ಹಕ್ಕಿಯ ಅರ್ಧ ಗುರುತೇ ಅಳಿಸಿಹೋದಂತೆ. ಅದಕ್ಕಾಗಿಯೇ ಮಿಶ್ರತಳಿಗೆ ಅದರದ್ದೇ ಕೊಕ್ಕು ಉಳಿಸಿಕೊಳ್ಳುವುದು ಸೂಕ್ತ.

ವಿಜ್ಞಾನಿಗಳ ಚಿಂತೆ ಏನು?

ಕಣ್ಣಿಗೆ ಕಾಣುವ ಮಿಶ್ರತಳಿ ಅಪರೂಪ. ಆದರೆ ಕಣ್ಣಿಗೆ ಕಾಣದ ಬೆರಕೆ ಅಪರೂಪವಲ್ಲ. ಟೆಕ್ಸಾಸ್ ವಿಶ್ವವಿದ್ಯಾಲಯದ ಎಲ್ ಪಾಸೊ ಕೇಂದ್ರದ ತಳಿವಿಜ್ಞಾನಿ ಫಿಲಿಪ್ ಲಾವ್ರೆಟ್ಸ್ಕಿ ಮತ್ತು ಸಹೋದ್ಯೋಗಿಗಳ ಸಂಶೋಧನೆಗಳು ತೋರಿಸಿದ್ದು ಇದನ್ನೇ.

20ನೇ ಶತಮಾನದಲ್ಲಿ ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೇಟೆಗೆ ಹಕ್ಕಿ ಹೆಚ್ಚಿಸಲೆಂದು ಫಾರ್ಮ್‌ಗಳಲ್ಲಿ ಸಾಕಿದ ಮಲ್ಲಾರ್ಡ್‌ಗಳನ್ನು ಭಾರೀ ಸಂಖ್ಯೆಯಲ್ಲಿ ಹೊರಬಿಡಲಾಯಿತು. ಇವುಗಳ ಮೂಲ ಯುರೋಪ್. ತಲೆಮಾರುಗಳ ಕಾಲ ಮನುಷ್ಯರ ಸಾಕಣೆಯಲ್ಲಿ ಬೆಳೆದ ಇವು ಕಾಡಿನ ಮಲ್ಲಾರ್ಡ್‌ಗಳೊಂದಿಗೆ ಕೂಡಿದವು. ಪರಿಣಾಮವಾಗಿ ಇಂದು ಪೂರ್ವ ಭಾಗದ ಮಲ್ಲಾರ್ಡ್‌ಗಳಲ್ಲಿ ಬಹುಪಾಲಿಗೆ ಫಾರ್ಮ್ ಹಕ್ಕಿಗಳ ವಂಶವಾಹಿ ಅಂಟಿಕೊಂಡಿದೆ. ನೋಡಲು ಪಕ್ಕಾ ಮಲ್ಲಾರ್ಡ್, ಒಳಗೆ ಬೆರಕೆ.

ಇದರಿಂದ ನಷ್ಟವೇನು ಎಂಬ ಪ್ರಶ್ನೆಗೆ ಕೊಕ್ಕೇ ಉತ್ತರ ಹೇಳುತ್ತದೆ. ಕಾಡು ಬಾತಿನ ಕೊಕ್ಕಿನ ಅಂಚಿನಲ್ಲಿ ನೀರಿನಿಂದ ಸಣ್ಣ ಬೀಜಗಳನ್ನು ಸೋಸಲು ಬಾಚಣಿಗೆಯಂತಹ ಹಲ್ಲುಗಳಿವೆ. ಕಾಳು ತಿಂದು ಬೆಳೆದ ಫಾರ್ಮ್ ಹಕ್ಕಿಗಳಲ್ಲಿ ಕೊಕ್ಕು ಗಿಡ್ಡವಾಗಿದೆ, ಈ ಹಲ್ಲುಗಳೂ ಕಡಿಮೆ. ಇಂಥ ಗುಣ ಕಾಡಿನ ಹಿಂಡಿಗೆ ಸೇರಿದರೆ ಜೌಗಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳುವ ಸಾಮರ್ಥ್ಯಕ್ಕೇ ಪೆಟ್ಟು ಬೀಳುತ್ತದೆ. ಪೂರ್ವ ಭಾಗದಲ್ಲಿ ಮಲ್ಲಾರ್ಡ್‌ಗಳ ಸಂಖ್ಯೆ ಕುಸಿದ ಕಾರಣ 2019ರಲ್ಲಿ ಅಟ್ಲಾಂಟಿಕ್ ವಲಯದ ದಿನದ ಮಿತಿಯನ್ನು 4ರಿಂದ 2ಕ್ಕೆ ಇಳಿಸಲಾಗಿತ್ತು. ಫಾರ್ಮ್ ಹಕ್ಕಿಗಳನ್ನು ಹೊರಬಿಡುವ ಮುನ್ನ ಬಲಗಾಲಿನ ಹಿಂಬೆರಳು ಕತ್ತರಿಸುವುದು, ಉಂಗುರ ತೊಡಿಸುವುದು ಮೊದಲಾದ ಗುರುತು ಮಾಡಬೇಕೆಂಬ ನಿಯಮವಿದೆ. ಆದರೆ ಅವುಗಳಿಗೆ ಕಾಡಿನಲ್ಲಿ ಹುಟ್ಟುವ ಮರಿಗಳಿಗೆ ಯಾವ ಗುರುತೂ ಇರುವುದಿಲ್ಲ.

ಈ ಸಂಶೋಧನೆಗೆ ಹಳೆಯ ಕಾಲದ ಹೋಲಿಕೆ ಸಿಕ್ಕಿದ್ದು ಎಲ್ಲಿಂದ ಗೊತ್ತೇ? ವಸ್ತುಸಂಗ್ರಹಾಲಯಗಳಲ್ಲಿ 100 ವರ್ಷಗಳಿಗೂ ಹಿಂದಿನಿಂದ ಜೋಪಾನ ಮಾಡಿದ ಬಾತುಗಳ ಚರ್ಮದಿಂದ. ಫಾರ್ಮ್ ಹಕ್ಕಿಗಳು ಬೆರೆಯುವ ಮುನ್ನ ಕಾಡು ಮಲ್ಲಾರ್ಡ್ ಹೇಗಿತ್ತು ಎಂಬುದಕ್ಕೆ ಆ ಚರ್ಮಗಳೇ ಸಾಕ್ಷಿ. ಅವು ಕೆಲಸಕ್ಕೆ ಬಂದಿದ್ದು ಎಲ್ಲಿ, ಯಾವಾಗ ಸಿಕ್ಕಿದ್ದೆಂಬ ಚೀಟಿ ಜೊತೆಗಿದ್ದುದರಿಂದ.

ಈಗ ಬೇಟೆಗಾರರನ್ನೂ ಈ ಕೆಲಸಕ್ಕೆ ಸೇರಿಸಿಕೊಳ್ಳಲಾಗಿದೆ. ಡಕ್ಸ್ ಅನ್‌ಲಿಮಿಟೆಡ್ ಸಂಸ್ಥೆ ಮತ್ತು ಲಾವ್ರೆಟ್ಸ್ಕಿ ಅವರ ಪ್ರಯೋಗಾಲಯ ಆರಂಭಿಸಿದ 'ಡಕ್ ಡಿಎನ್‌ಎ' ಯೋಜನೆಯಲ್ಲಿ ಬೇಟೆಗಾರರು ತಮಗೆ ಸಿಕ್ಕ ಹಕ್ಕಿಯ ಸಣ್ಣ ಅಂಗಾಂಶದ ತುಣುಕನ್ನು ಕಳಿಸುತ್ತಾರೆ. ಯಾವ ಜಾತಿಯ ಪಾಲು ಎಷ್ಟು ಎಂಬ ವರದಿ ಅವರಿಗೆ ಮರಳಿ ಬರುತ್ತದೆ. ಮಿಶ್ರತಳಿ ಎಂದುಕೊಂಡಿದ್ದು ಹಾಗಲ್ಲ, ಶುದ್ಧ ಎಂದುಕೊಂಡಿದ್ದು ಬೆರಕೆ ಎಂಬ ಅಚ್ಚರಿಗಳಿಗೆ ಇಲ್ಲಿ ಅವಕಾಶವಿದೆ.

ಅಮೆರಿಕಕ್ಕಷ್ಟೇ ಸೀಮಿತವಲ್ಲ

ಹವಾಯಿ ದ್ವೀಪಗಳ ಸ್ಥಳೀಯ ಬಾತು ಕೊಲೊವಾ, ಮನುಷ್ಯರು ತಂದ ಮಲ್ಲಾರ್ಡ್‌ಗಳೊಂದಿಗೆ ಬೆರೆತು ಹಲವು ದ್ವೀಪಗಳಲ್ಲಿ ತನ್ನತನ ಕಳೆದುಕೊಂಡಿದೆ. ಕವಾಯಿ ದ್ವೀಪ ಅದರ ಮುಖ್ಯ ಆಸರೆಯಾಗಿ ಉಳಿದಿದೆ. ನ್ಯೂಜಿಲೆಂಡ್‌ನಲ್ಲಿ 19ನೇ ಶತಮಾನದಿಂದ ತಂದುಬಿಟ್ಟ ಮಲ್ಲಾರ್ಡ್‌ಗಳು ಅಲ್ಲಿನ ಗ್ರೇ ಡಕ್‌ಗೆ ಇದೇ ಗತಿ ತಂದಿವೆ.

ಯುರೋಪಿನದು ಇನ್ನೊಂದು ಬಗೆ. ಬ್ರಿಟನ್ನಿನ ಸಂಗ್ರಹದಿಂದ 1950ರ ದಶಕದಲ್ಲಿ ತಪ್ಪಿಸಿಕೊಂಡ ಅಮೆರಿಕದ ರಡ್ಡಿ ಡಕ್‌ಗಳ ಸಂತತಿ ಸ್ಪೇನ್ ತಲುಪಿ, ಅಳಿವಿನಂಚಿನ ಬಿಳಿತಲೆ ಬಾತಿನೊಂದಿಗೆ ಕೂಡತೊಡಗಿತು. ಆ ಜಾತಿ ಉಳಿಸಲು ಕೊನೆಗೆ ಬ್ರಿಟನ್ ತನ್ನ ನೆಲದ ರಡ್ಡಿ ಡಕ್‌ಗಳನ್ನು ಗುಂಡಿಕ್ಕಿ ಕೊಲ್ಲುವ ಕಾರ್ಯಕ್ರಮವನ್ನೇ ನಡೆಸಬೇಕಾಯಿತು. ಮನುಷ್ಯ ತಂದುಬಿಟ್ಟ ಹಕ್ಕಿಯ ತಪ್ಪಿಗೆ ಹಕ್ಕಿಯೇ ಬೆಲೆ ತೆತ್ತಿತು.

ಭಾರತದಲ್ಲಿ ಸಾಧ್ಯವೇ?

ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ 1991ರ ತಿದ್ದುಪಡಿಯ ನಂತರ ದೇಶದಲ್ಲಿ ಹವ್ಯಾಸಕ್ಕಾಗಿ ಕಾಡುಬಾತು ಬೇಟೆಗೆ ಅವಕಾಶವಿಲ್ಲ. ಹಳೆಯ ಪ್ರಸಾಧಿತ ವನ್ಯಜೀವಿಗಳನ್ನು ಮನೆಯಲ್ಲಿಡಲೂ ಮಾಲೀಕತ್ವದ ಪ್ರಮಾಣಪತ್ರ ಬೇಕು.

ಆದರೆ ಹಿಂದೆ ಹೀಗಿರಲಿಲ್ಲ. ದೆಹಲಿಯಿಂದ ಕೆಲವೇ ಗಂಟೆಗಳ ದಾರಿಯ ಭರತ್‌ಪುರದಲ್ಲಿ 1938ರ ನವೆಂಬರ್ 12ರಂದು ವೈಸ್‌ರಾಯ್ ಲಾರ್ಡ್ ಲಿನ್‌ಲಿತ್‌ಗೋ ತಂಡ ಒಂದೇ ದಿನ 4,273 ಹಕ್ಕಿಗಳನ್ನು ಹೊಡೆದುರುಳಿಸಿತ್ತು. ಆ ಲೆಕ್ಕ ಕೆತ್ತಿದ ಕಲ್ಲು ಇಂದಿಗೂ ಕೇವಲಾದೇವ್ ರಾಷ್ಟ್ರೀಯ ಉದ್ಯಾನದಲ್ಲಿದೆ. 1985ರಲ್ಲಿ ವಿಶ್ವ ಪರಂಪರೆಯ ತಾಣವಾದ ಅದೇ ಜಾಗಕ್ಕೆ ಈಗ ಜನ ದುರ್ಬೀನು ಹಿಡಿದು ಹೋಗುತ್ತಾರೆ.

ಟ್ಯಾಕ್ಸಿಡರ್ಮಿಯಲ್ಲಿ ಕರ್ನಾಟಕಕ್ಕೂ ದೊಡ್ಡ ಹೆಸರಿತ್ತು. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಸಂಸ್ಥೆ ಪ್ರಸಾಧನ ಮಾಡಿದ ಹುಲಿ, ಚಿರತೆಗಳು ಅರಮನೆಗಳಿಂದ ಹಿಡಿದು ವಿದೇಶಿ ಸಂಗ್ರಹಗಳವರೆಗೆ ಹೋಗಿವೆ. ಬೇಟೆ ನಿಂತ ಮೇಲೆ ಕೆಲಸ ಕುಗ್ಗಿ, 1990ರ ದಶಕದ ಕೊನೆಗೆ ಆ ಸಂಸ್ಥೆ ಬಾಗಿಲು ಹಾಕಿತು. ಕಲೆ ಮಾತ್ರ ಹೊಸ ದಾರಿ ಹಿಡಿದಿದೆ. ಮುಂಬೈನ ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ 2009ರಲ್ಲಿ ಆರಂಭವಾದ ಕೇಂದ್ರದಲ್ಲಿ, ಬೇಟೆಯಿಂದಲ್ಲದೆ ಸತ್ತ ಪ್ರಾಣಿಗಳನ್ನು ಶಿಕ್ಷಣಕ್ಕಾಗಿ ಪ್ರಸಾಧನ ಮಾಡಲಾಗುತ್ತದೆ.

ಭಾರತದ ಹಕ್ಕಿಪ್ರಿಯರು ಮಾಡಬಹುದಾದ್ದು ಒಂದಿದೆ. ಈ ಚಳಿಗಾಲದಲ್ಲಿ ನಿಮ್ಮೂರಿನ ಕೆರೆಗೆ ಬಂದ ಬಾತುಗಳ ನಡುವೆ ಯಾವುದಕ್ಕೂ ಹೊಂದದ ಒಂದು ಹಕ್ಕಿ ಕಂಡರೆ ಕೊಕ್ಕು, ಕಾಲು, ರೆಕ್ಕೆಯ ಪಟ್ಟಿ ಕಾಣುವಂತೆ ಫೋಟೋ ತೆಗೆದು, ದಿನಾಂಕ ಮತ್ತು ಜಾಗದ ಹೆಸರು ಬರೆದಿಡಿ. ಮುಂದೊಂದು ದಿನ ಆ ಹಕ್ಕಿ ಯಾವುದೆಂದು ಯಾರಾದರೂ ಕೇಳಿದರೆ ಉತ್ತರ ಹುಡುಕಲು ಅಷ್ಟು ಸಾಕು.